ಅತ್ತೆ ಆಡದ ಆಟ

ನಮ್ಮ ಅತ್ತೆ ಪಾವಗಡ ಕಡೆಯವರು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವರು ಬೈದರೆ ಬೈಸಿಕೊಂಡವರಿಗೂ ನಗು ಬರುತ್ತಿತ್ತು. ಒಮ್ಮೆ ನಾನು ಒತ್ತಿದ ಹಪ್ಪಳ ನೋಡಿ, "ಏಮೇ, ಇದು ಹಪ್ಪಳಾನೋ ಆಂಧ್ರದ ಮ್ಯಾಪೋ?" ಅಂದರು. ನಾದಿನಿ ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದು ನೆಟ್ಟಿಗೆ ಹಾಕಿದಳು. ಅಲ್ಲಿಂದ ಶುರುವಾಯಿತು. ಮಧುಗಿರಿ ಸಂತೆಯಲ್ಲಿ ಹುಡುಗಿಯರು ಅತ್ತೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಷ್ಟು ಅವರು ಹೆಸರಾದರು.

ಆಮೇಲೆ ಯಾವುದೋ ಆ್ಯಪ್‌ನವರು ನಾದಿನಿಗೆ ಮೆಸೇಜ್ ಮಾಡಿದರು. ಕೆಂಪೋ ಹಸಿರೋ ಎಂದು ದುಡ್ಡು ಕಟ್ಟುವ ಆಟ. ಅತ್ತೆ ವಿಡಿಯೋದಲ್ಲಿ ಅದರ ಬಗ್ಗೆ ಒಂದು ಮಾತು ಹೇಳಿದರೆ ಸಾಕಂತೆ.

"ಏನಮ್ಮಿ ಅದು?" ಎಂದು ಅತ್ತೆ ಕೇಳಿದರು.

"ಬಣ್ಣ ಹೇಳೋ ಆಟ ಕಣಮ್ಮ, ಮಕ್ಳು ಆಡ್ತಾವಲ್ಲ, ಅಂಗೆ."

ಅತ್ತೆ ನಗುನಗುತ್ತಾ ಹೇಳಿದರು: "ನಾನೂ ಆಡ್ದೆ, ಗೆದ್ದೆ ಕಣ್ರವ್ವಾ. ನೀವೂ ಆಡಿ." ನಾನು ಅಲ್ಲೇ ಒಲೆಯ ಮುಂದಿದ್ದೆ. ಬೇಡ ಅನ್ನಬೇಕೆಂದು ಹೊಳೆಯಲೇ ಇಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ನಾನೂ ಅತ್ತೆಯೂ ಶಿರಾ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಒಬ್ಬ ಹೆಂಗಸು ಅತ್ತೆಯನ್ನೇ ನೋಡುತ್ತಾ ಹತ್ತಿರ ಬಂದಳು. ಫೋಟೋಗಿರಬೇಕೆಂದು ಅತ್ತೆ ಸೆರಗು ಸರಿಮಾಡಿಕೊಂಡರು.

"ನೀವು ಗೆದ್ದೆ ಅಂದ್ರಲ್ಲಮ್ಮ, ಅದಕ್ಕೇ ನಾನೂ ಆಡ್ದೆ. ಹೊಲಿಗೆ ಮಿಷನ್ನೂ ಮಾರ್ಬುಟ್ಟೆ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಹೆಂಗೆ ಗೆದ್ರಿ? ಯಾವ ಬಣ್ಣಕ್ಕೆ ಹಾಕ್ತಿದ್ರಿ? ಒಸಿ ಹೇಳ್ಕೊಡಿ."

ಅತ್ತೆಯ ಮುಖ ಬಾಡಿಹೋಯಿತು. "ನಾನು ಆಡೇ ಇಲ್ಲ ಕಣಮ್ಮ. ಫೋನ್ ಒತ್ತಾಕೂ ಬರಲ್ಲ ನಂಗೆ. ಮಗಳು ಅಂಗೆ ಅನ್ನು ಅಂದ್ಲು, ಅಂದೆ."

ಆಕೆ ನಂಬಲಿಲ್ಲ. ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡಳೋ ಏನೋ, "ಹೇಳಲ್ಲ ಅಂದ್ರೆ ಬುಡಿ," ಎಂದು ಕೊರಟಗೆರೆ ಬಸ್ಸು ಹತ್ತಿ ಹೋದಳು.

ಮನೆಗೆ ಬಂದವರೇ ಅತ್ತೆ, "ನಾನು ಹೇಳಿದ್ದು ಸುಳ್ಳು ಅಂತ ಇನ್ನೊಂದು ವಿಡಿಯೋ ಮಾಡೇ," ಎಂದು ಮಗಳ ಮುಂದೆ ಕೂತರು. ನಾದಿನಿ ಅಳುತ್ತಲೇ ಮಾಡಿದಳು. ಹಳೆಯದನ್ನು ತೆಗೆದುಹಾಕಿದಳು. ಆದರೆ ಅದನ್ನು ಆಗಲೇ ಯಾರ್ಯಾರೋ ತಮ್ಮ ಪೇಜುಗಳಲ್ಲಿ ಹಾಕಿಕೊಂಡಿದ್ದರು; ಈಗಲೂ ಓಡುತ್ತಿದೆ. ಹೊಸದನ್ನು ನೋಡಿದ ಕೆಲವರು, ಅಜ್ಜಿ ಇವತ್ತು ಯಾಕೆ ಬೈಯುತ್ತಿಲ್ಲ ಎಂದು ಕೇಳಿದರು, ಅಷ್ಟೇ.

ಅತ್ತೆಯ ಹಟಕ್ಕೆ ಕೊರಟಗೆರೆಗೂ ಹೋಗಿ ಬಂದೆವು, ಟೈಲರ್ ಅಂಗಡಿಗಳಲ್ಲಿ ವಿಚಾರಿಸಿದೆವು. ಆಕೆಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವತ್ತು ಕೇಳಲೂ ಇಲ್ಲವಲ್ಲ ಎಂಬುದು ನನ್ನನ್ನು ಕೊರೆಯುತ್ತಲೇ ಇದೆ. ಸಾಕು ಬಿಡಿ ಅತ್ತೆ ಅಂದರೆ ಅವರು ಒಪ್ಪುವುದಿಲ್ಲ.

"ನಾನು ಗೆದ್ದೀನಿ ಅಂತ್ಲೇ ಅವಳು ಅನ್ಕೊಂಡವ್ಳೆ," ಅನ್ನುತ್ತಾರೆ. "ಇನ್ನೂ ಆಡ್ತಾಳೆ ಕಣೇ."