ಕಲ್ಲಿನ ಮೇಲೆ ಕೂರುವ ಪಾಠ

ಮೊಮ್ಮಗಳನ್ನು ಶಾಲೆ ಬಿಡಿಸಿದ್ದು ಹುಲಿಯ ದೆಸೆಯಿಂದ. ಆಮೇಲೆ ಜನ ಏನೇನೋ ಹೇಳಿಕೊಂಡರು. ಏಸುವನ್ನು ನಂಬಿದ ಮೇಲೆ ಇವರಿಗೆ ಸರ್ಕಾರದ ಪುಸ್ತಕ ಮೈಲಿಗೆಯಾಯಿತು ಅಂದರು. ಸೊಸೆ ಕೇರಳದ ಕಡೆಯವಳು, ಎಲ್ಲ ಅವಳ ತಲೆಯಲ್ಲಿ ಹುಟ್ಟಿದ್ದು ಅಂದರು. ಸೊಸೆಯ ಪಾಲೂ ಇತ್ತು, ಇಲ್ಲವೆನ್ನುವುದಿಲ್ಲ. ಮೊದಲ ಕಾರಣ ಮಾತ್ರ ಹುಲಿ.

ನಮ್ಮ ಮನೆ ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿ ಬಿಟ್ಟು ಒಳಕ್ಕಿದೆ. ಹಿಂದುಗಡೆ ಹೊಲ ದಾಟಿದರೆ ಆನೆ ಕಂದಕ, ಅದರಾಚೆ ಕಾಡು. ಹುಡುಗಿ ಎಂಟನೆಯ ತರಗತಿಯವರೆಗೆ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಿಬಂದಳು. ಸಂಜೆ ಬಸ್ಸು ಹೆದ್ದಾರಿಯಲ್ಲಿ ಇಳಿಸಿದರೆ ಚೆಂಡುಹೂವಿನ ಹೊಲದ ಬದುವಿನ ಮೇಲೆ ನಡೆದು ಬರಬೇಕು. ಪಕ್ಕದ ಊರಿನ ದನ ಕಾಯುವವನೊಬ್ಬ ಅದೇ ಹೊತ್ತಿನಲ್ಲಿ ಹುಲಿಯ ಬಾಯಿಗೆ ಹೋದ. ಅವತ್ತು ಅವನ ಟವೆಲು ಸಿಕ್ಕಿತು. ಅವನು ಸಿಕ್ಕಿದ್ದು ಮಾರನೆಯ ದಿನ. ಅಲ್ಲಿಂದಾಚೆಗೆ ಸೊಸೆ ಹುಡುಗಿಯನ್ನು ಬಸ್ಸಿಗೆ ಕಳಿಸಲಿಲ್ಲ.

ಮಗ ಲಾರಿ ಓಡಿಸುತ್ತಾನೆ, ತರಕಾರಿ ತುಂಬಿಕೊಂಡು ಕೇರಳಕ್ಕೆ. ರಾತ್ರಿ ಕಾಡಿನ ಗೇಟು ಮುಚ್ಚುವುದರಿಂದ ಎಷ್ಟೋ ದಿನ ಅವನು ಗೇಟಿನ ಆಚೆ, ನಾವು ಮೂರು ಹೆಂಗಸರು ಈಚೆ. ಹಾಸ್ಟೆಲಿಗೆ ಹಾಕು ಅಂತ ಫೋನಿನಲ್ಲಿ ಹೇಳಿದ. ಸೊಸೆ ಒಪ್ಪಲಿಲ್ಲ. ವಯನಾಡಿನಲ್ಲಿ ಅವಳ ಅಕ್ಕ ಮಕ್ಕಳನ್ನು ಮನೆಯಲ್ಲೇ ಕೂರಿಸಿ, ಕ್ರೈಸ್ತ ಪುಸ್ತಕಗಳನ್ನೇ ಓದಿಸಿ, ಹತ್ತನೆಯ ತರಗತಿಯ ಪರೀಕ್ಷೆಯನ್ನು ಓಪನ್ ಸ್ಕೂಲಿನಲ್ಲಿ ಕಟ್ಟಿಸಿದ್ದಳು. ಇವಳೂ ಡಿಗ್ರಿ ಓದಿದವಳು, ಮದುವೆಗೆ ಮುಂಚೆ ಪಾಠ ಹೇಳಿದವಳು. ಮನೆಯಲ್ಲೇ ಕಲಿಸುತ್ತೇನೆ ಅಂದಳು. ನಾನು ಓದಿದ್ದು ಮೂರನೆಯ ತರಗತಿ. ಬೈಬಲನ್ನು ಬೆರಳಿಟ್ಟುಕೊಂಡು ಓದುತ್ತೇನೆ, ಅಷ್ಟೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬೇಡವೆನ್ನಲಿಲ್ಲ. ಮಗು ಮನೆಯೊಳಗಿದ್ದರೆ ಸಾಕಾಗಿತ್ತು.

ಪುಸ್ತಕ ಆರಿಸಲು ಮೂವರೂ ಚಾಮರಾಜನಗರಕ್ಕೆ ಹೋದೆವು. ಅಲ್ಲಿ ನಮ್ಮ ಪ್ರಾರ್ಥನಾ ಕೂಟದ ಟೀಚರಮ್ಮ ಒಬ್ಬರಿದ್ದಾರೆ, ಕೆಲಸದಿಂದ ರಿಟೈರಾದವರು. ಹೊರದೇಶದವರು ಓದಿ ಬಿಟ್ಟ ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಅವರ ಮನೆಗೆ ಬರುತ್ತವೆ. ಮನೆಯಲ್ಲಿ ಕಲಿಸುವವರಿಗೆ ಅವರು ಹಂಚುತ್ತಾರೆ.

ಟೀಚರಮ್ಮ ಸೊಸೆಗೆ ಹೇಳಿದರು: “ಚಿಕ್ಕ ಮಕ್ಕಳಿಗೆ ಯಾವ್ದು ಕೊಟ್ರೂ ನಡೀತದೆ ಕಣಮ್ಮ, ಮರ್ತುಬಿಡ್ತವೆ. ಈ ವಯಸ್ಸಿನೋರಿಗೆ ಹಂಗಲ್ಲ. ಪುಸ್ತಕ ಹೇಳ್ದಂಗೇ ಮಾಡ್ತವೆ. ನೋಡಿ ತಗೊ.”

ಹುಡುಗಿಯ ವಯಸ್ಸಿಗೆ ಹೊಂದುವ ಪುಸ್ತಕಗಳು ಎರಡು ಕಟ್ಟು ಇದ್ದವು. ಒಂದು ನೀಲಿ ರಟ್ಟಿನದು. ಪ್ರತಿ ಹಾಳೆಯ ತಲೆಯ ಮೇಲೆ ಒಂದು ವಾಕ್ಯ, ಕೆಳಗೆ ಪ್ರಶ್ನೆ, ಉತ್ತರ ತುಂಬಲು ಗೆರೆ. ಬೇರೆ ಏನೂ ಇಲ್ಲ.

“ರೇಷನ್ ಕಾರ್ಡಿನ್ ಅರ್ಜಿ ಇದ್ದಂಗದೆ” ಅಂದೆ.

ಇನ್ನೊಂದು ಹಸಿರು ರಟ್ಟಿನದು, ದಪ್ಪ, ತುಂಬ ಚಿತ್ರ. ಒಂದು ಚಿತ್ರದಲ್ಲಿ ಬಿಳೀ ಹುಡುಗಿಯೊಬ್ಬಳು ಕಾಡಿನೊಳಗೆ ಬಿದ್ದ ಮರದ ಮೇಲೆ ಕೂತಿದ್ದಳು. ಸುತ್ತ ಯಾರೂ ಇಲ್ಲ.

“ಈ ಮಗೀನ ಯಾರಮ್ಮಿ ಅಲ್ಲಿ ಬುಟ್ಟೋದೋರು?”

ಮೊಮ್ಮಗಳು ನಕ್ಕಳು. “ಯಾರೂ ಬುಟ್ಟೋಗಿಲ್ಲ ಅಜ್ಜಿ. ಅವ್ಳೇ ಕೂತವ್ಳೆ. ದೇವ್ರು ಸೃಷ್ಟಿ ಮಾಡಿರೋದ್ನ ನೋಡ್ತಾವ್ಳೆ.”

“ಅವ್ರವ್ವ ಎಲ್ಲೋದ್ಲು?”

“ನಿನ್ನಂಗೆ ಅಜ್ಜಿ ಇಲ್ವಲ್ಲ, ಅದ್ಕೇ ಆರಾಮಾಗವ್ಳೆ” ಅಂದಳು.

ಪರೀಕ್ಷೆಗೆ ನೀಲಿಯೇ ಒಳ್ಳೆಯದು ಅಂತ ಸೊಸೆಗೆ ಗೊತ್ತಿತ್ತು, ಮನಸ್ಸು ಹಸಿರಿನ ಮೇಲಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಕೂಟದವರು ಚೀಟಿ ಹಾಕುತ್ತೇವೆ. ಎರಡು ಚೀಟಿ ಬರೆದು, ಮಡಚಿ, ಬೈಬಲಿನ ಮೇಲಿಟ್ಟು, ಪ್ರಾರ್ಥನೆ ಮಾಡಿ, ಅಲ್ಲಿರುವವರಲ್ಲಿ ಚಿಕ್ಕವರ ಕೈಯಿಂದ ಎತ್ತಿಸುವುದು. ನಮಗೆ ಉತ್ತರ ತಿಳಿಯದ ಪ್ರಶ್ನೆಗೆ ದೇವರ ಉತ್ತರ ಅದು. ಎತ್ತಿದ ಚೀಟಿಯನ್ನು ಮತ್ತೆ ಹಾಕುವಂತಿಲ್ಲ. ನನ್ನ ಮದುವೆ ಹಾಗೇ ಆಯಿತು, ಬೋರು ಕೊರೆಸಿದ ಜಾಗವೂ ಹಾಗೇ ಗೊತ್ತಾಯಿತು. ಬೋರಿನಲ್ಲಿ ನೀರು ಬಂತು.

ಹುಡುಗಿ ಎತ್ತಿದ ಚೀಟಿಯಲ್ಲಿ ಹಸಿರು ಬಂತು. ಕಟ್ಟು ಹೊತ್ತುಕೊಂಡು ಬಸ್ಸು ಹತ್ತಿದೆವು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಲೆಕ್ಕ, ಊಟವಾದ ಮೇಲೆ ಇಂಗ್ಲಿಷು. ಲೆಕ್ಕದಲ್ಲಿ ಅಂಗಳದ ಹಿಮ ಎತ್ತಿ ಹಾಕಲು ಎಷ್ಟು ಜನ ಬೇಕು ಅಂತೆಲ್ಲ ಕೇಳುತ್ತಿದ್ದರು. ಹುಡುಗಿ ಹಿಮ ಅಂದಲ್ಲಿ ಸಗಣಿ ಅಂತ ಹಾಕಿಕೊಂಡು ಲೆಕ್ಕ ಮಾಡುತ್ತಿದ್ದಳು. ಅಷ್ಟರಲ್ಲಿ ಅರಣ್ಯದವರು ದನ ಕಾಯುವವನನ್ನು ಕೊಂದ ಹುಲಿಯನ್ನು ಬೋನಿನಲ್ಲಿ ಹಿಡಿದು ಸಾಗಿಸಿದರು. ಊರು ಉಸಿರು ಬಿಟ್ಟಿತು. ಸೊಸೆಯೂ ಬಿಟ್ಟಳು. ಮತ್ತೆ ಶಾಲೆಗೆ ಕಳಿಸಬಹುದಿತ್ತು, ಆದರೆ ಚೀಟಿ ಬಂದಾಗಿತ್ತು.

ಆಮೇಲೆ ಬಂತು ಆ ಪಾಠ. ಹುಡುಗಿ ನನಗೆ ಕನ್ನಡದಲ್ಲಿ ಹೇಳಿದಳು. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ಒಬ್ಬರೇ ಹೋಗಿ ಮಾತಿಲ್ಲದೆ, ಅಲುಗಾಡದೆ ಕೂರಬೇಕಂತೆ. ಹೊತ್ತು ಇಳಿಯುವಾಗ ಕೂತರೆ ಒಳ್ಳೆಯದಂತೆ. ಬರುಬರುತ್ತಾ ಪ್ರಾಣಿಗಳು ನಮಗೆ ಒಗ್ಗಿಕೊಂಡು ಹತ್ತಿರ ಬರುತ್ತವಂತೆ. ವರ್ಷವಿಡೀ ಮಾಡಬೇಕಾದ ಪಾಠ.

ಸೊಸೆ ದಡ್ಡಿಯಲ್ಲ. ಮೊದಲು ಅಂಗಳದಲ್ಲೇ ಕೂರಿಸಿದಳು. ಕೋಳಿ ಬಿಟ್ಟು ಏನೂ ಬರಲಿಲ್ಲ. ಆಮೇಲೆ ನಮ್ಮ ಹುರುಳಿ ಹೊಲದ ಕೊನೆಯಲ್ಲಿರುವ ಚಪ್ಪಡಿ ಕಲ್ಲಿನ ಮೇಲೆ. ಅಡುಗೆಮನೆಯ ಕಿಟಕಿಯಿಂದ ಆ ಕಲ್ಲು ಕಾಣುತ್ತಿತ್ತು. ಸೊಸೆ ಪಾತ್ರೆ ತೊಳೆಯುತ್ತಾ ತಲೆ ಎತ್ತಿ ಎತ್ತಿ ನೋಡುತ್ತಿದ್ದಳು. ಆದರೆ ಕಲ್ಲಿನ ಎರಡು ಮಗ್ಗುಲಿಗೂ, ಕಿಟಕಿಗೆ ಅಡ್ಡವಾಗಿಯೂ ಪಕ್ಕದವರು ಜೋಳ ಹಾಕಿದ್ದರು. ಜೋಳ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಆಳಿನೆತ್ತರ ಬೆಳೆಯಿತು. ಕಲ್ಲು ಯಾವತ್ತು ಕಣ್ಮರೆಯಾಯಿತೋ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ರೂಢಿಯಾಗಿ ಹೋಗಿತ್ತು.

ಜೋಳದ ಯಜಮಾನ ಲಿಂಗಾಯತರವನು. ಅವನೂ ನಾನೂ ಒಂದೇ ವಾರಿಗೆಯವರು. ಒಂದು ದಿನ ಬದುವಿನ ಮೇಲೆ ಸಿಕ್ಕಿ, “ಏನವ್ವಾ, ನಿಮ್ ಏಸಪ್ಪನ್ನ ಬುಟ್ಟು ನಮ್ ಶಿವನ್ ಮ್ಯಾಲೆ ತಪಸ್ಸಿಗೆ ಕೂರ್ಸ್ಬುಟ್ಟಿದ್ದೀಯಾ ಮೊಮ್ಮಗ್ಳ?” ಅಂದ.

“ನಿಮ್ ಶಿವ ಬಂದ್ರೆ ಬರೀ ಮೈಲಿ ಬತ್ತಾನಾ? ಚರ್ಮ ಸುತ್ಕೊಂಡೇ ಬರೋದು. ಬ್ಯಾಡ ಬುಡು” ಅಂದೆ.

ನಕ್ಕ. ಆಮೇಲೆ ಕಂದಕದ ಕಡೆ ನೋಡಿ ನಗು ನಿಲ್ಲಿಸಿದ. “ತಮಾಸೆ ಅಲ್ಲ ಕಣವ್ವ. ನಾನು ನೀರ್ ಕಟ್ಟಾಕೆ ಬಂದ್ರೆ ನಮ್ ನಾಯಿ ಕಾಲ್ಕಾಲಿಗೇ ಸಿಕ್ಕೋದು. ಈಗ ಈ ಬದುಗಂಟ ಬತ್ತದೆ, ನಿಂತ್ಕತದೆ. ಕಲ್ಲಲ್ಲೊಡುದ್ರೂ ಮುಂದಕ್ಕೆ ಬರಲ್ಲ. ಒಂದ ಇಡ್ಕೊಂಡೋದ್ರು ಅಂದ್ರೆ ಆ ಜಾಗ ಖಾಲಿ ಇದ್ದಾತಾ?”

ಆ ಮಾತು ತಲೆಯಲ್ಲಿ ಉಳಿಯಿತು. ಸಂಜೆ ಹುಡುಗಿ ಕಲ್ಲಿನಿಂದ ಬಂದು ಒಲೆಯ ಮುಂದೆ ಕೂತಳು. ದಿನವೂ ಕಂಡದ್ದನ್ನೆಲ್ಲ ನನಗೆ ಹೇಳುವುದು ಅವಳ ಅಭ್ಯಾಸ. ಮುಂಗುಸಿ ಬಂತು, ಮೊಲ ಬಂತು, ಜಿಂಕೆ ಕಂದಕದವರೆಗೆ ಬಂದು ನನ್ನ ಮುಖ ನೋಡಿತು ಅಂತೆಲ್ಲ ಹೇಳುತ್ತಿದ್ದಳು. ಅವತ್ತು ನಾನೇ ಕೇಳಬೇಕಾಯಿತು.

“ಏನ್ ಬಂದಿತ್ತಮ್ಮಿ ಇವತ್ತು?”

“ಯಾವ್ದೂ ಬರ್ಲಿಲ್ಲ ಅಜ್ಜಿ. ನೆನ್ನೆನೂ ಇಲ್ಲ. ನವಿಲೂ ಕೂಗಲ್ಲ ಈಗ.” ಒಲೆಗೆ ಸೌದೆ ತಳ್ಳುತ್ತಾ ಅಂದಳು: “ಬೆನ್ ಹಿಂದ್ಗಡೆ ಯಾರೋ ಇದ್ದಂಗನ್ನುಸ್ತದೆ.”

ಸೊಸೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳ ಮುಖ ಅರಳಿತು. ಮಗಳನ್ನು ಅವಳು ತನ್ನ ಮಲಯಾಳದಲ್ಲಿ ಮೋಳೆ ಅಂತಲೇ ಕರೆಯುವುದು. “ಪುಸ್ತಕದಲ್ಲೂ ಹಾಗೇ ಬರೆದಿದೆ ಮೋಳೆ. ಒಬ್ಬರೇ ಕೂತಾಗ ದೇವರು ಹತ್ತಿರ ಇರೋದು ಗೊತ್ತಾಗುತ್ತೆ ಅಂತ.”

ಕಟ್ಟುತ್ತಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿದೆ. “ನಾಳಿಂದ ಇವ್ಳ ಅಲ್ಲಿಗೆ ಕಳುಸ್ಬ್ಯಾಡ” ಅಂದೆ.

“ಯಾಕೆ ಅತ್ತೆ? ಹುಲಿಯನ್ನ ಹಿಡ್ಕೊಂಡು ಹೋದ್ರಲ್ಲ.”

“ಒಂದ ಇಡುದ್ರು.”

“ಪುಸ್ತಕದಲ್ಲಿ ಒಂದು ಪಾಠ ಬೇಕು, ಒಂದು ಬೇಡ ಅಂತ ನಾವು ಆರಿಸಿಕೊಂಡರೆ ಚೀಟಿಗೆ ಏನು ಬೆಲೆ? ನೀವೇ ನಂಬೋರು. ನಿಮ್ಮ ಮದುವೆನೇ ಚೀಟಿಯಿಂದ ಆಗಿದ್ದು.”

“ಆಗಿದ್ದು. ಅವ್ನು ಕುಡ್ಕೊಂಡ್ ಬಂದಾಗ ಬಾಗ್ಲಾಕ್ಕೊಳ್ಳೋಕೆ ನಾನ್ಯಾವ ಚೀಟೀನೂ ಎತ್ತುಸ್ಲಿಲ್ಲ.”

ಸೊಸೆ ಸಾರಿನ ಪಾತ್ರೆ ಇಳಿಸಿ ಊಟಕ್ಕೆ ತಟ್ಟೆ ಹಾಕಿದಳು. ಒಪ್ಪಿದಳು ಅಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನದ ಮೇಲೆ ಹಸುವಿಗೆ ಹುಲ್ಲು ಕುಯ್ಯಲು ಕಂದಕದ ಕಡೆ ಹೋಗಿದ್ದೆ. ವಾಪಸು ಬರುವಾಗ ಹತ್ತಿರವಾಗುತ್ತದೆ ಅಂತ ಜೋಳದ ಹೊಲದೊಳಗಿನ ನೀರಿನ ಕಾಲುವೆ ಹಿಡಿದೆ. ನಡುವೆ ಒಂದು ಕಡೆ ಜೋಳ ಮಲಗಿತ್ತು. ಹಂದಿ ನುಗ್ಗಿದರೆ ಕಿತ್ತು, ತಿಂದು, ಚೆಲ್ಲಾಡಿರುತ್ತದೆ. ಇಲ್ಲಿ ಒಂದು ತೆನೆಯೂ ಮುಕ್ಕಾಗಿರಲಿಲ್ಲ. ದಂಟು ಒಂದೇ ಕಡೆಗೆ ಒತ್ತಾಗಿ ಬಾಗಿ, ಮಣ್ಣು ನುಣ್ಣಗಾಗಿತ್ತು. ಯಾವುದೋ ಉದ್ದದ್ದು ಮಲಗಿ ಏಳುತ್ತಿದ್ದ ಜಾಗ, ಒಂದು ದಿನದ್ದಲ್ಲ. ಆ ಹೊಲದಲ್ಲಿ, ಒಲೆ ಇಲ್ಲದ ಕಡೆ, ಹೊಸ ಅಕ್ಕಿಯ ಅನ್ನ ಬೆಂದ ವಾಸನೆ. ಹುಲಿ ಉಚ್ಚೆ ಹೊಯ್ದ ಜಾಗದಲ್ಲಿ ಆ ವಾಸನೆ ಬರುತ್ತದೆ ಅಂತ ಕಾಡಂಚಿನಲ್ಲಿ ದನ ಕಾಯ್ದವರಿಗೆಲ್ಲ ಗೊತ್ತು. ನಾನೂ ಚಿಕ್ಕವಳಾಗಿದ್ದಾಗ ಕಾಯ್ದಿದ್ದೇನೆ. ಕಾಲುವೆಯ ಕೆಸರಿನಲ್ಲಿ ಹೆಜ್ಜೆಯೂ ಇತ್ತು. ನೋಡುವ ಅವಶ್ಯಕತೆ ಇರಲಿಲ್ಲ.

ತಲೆ ಎತ್ತಿದೆ. ದಂಟುಗಳ ಸಂದಿಯಲ್ಲಿ ಕಲ್ಲು ಕಾಣುತ್ತಿತ್ತು. ಕಲ್ಲಿನ ಮೇಲೆ ಮೊಮ್ಮಗಳ ಬೆನ್ನು, ಬೆನ್ನಿನ ಮೇಲೆ ಜಡೆ. ಸೊಸೆ ಕಳಿಸಿದ್ದಳು.

ಕಿರುಚಲಿಲ್ಲ. ಮನುಷ್ಯರ ಮಾತು ಕೇಳಿಸುತ್ತಿದ್ದರೆ ಹುಲಿ ಹತ್ತಿರ ಬರಲು ಹಿಂಜರಿಯುತ್ತದೆ. ಕುಡುಗೋಲು ಕೈಯಲ್ಲೇ ಹಿಡಿದು, ಸಂತೆಯಲ್ಲಿ ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ ಮಾತಾಡುತ್ತಾ ಹೋದೆ. “ಅಮ್ಮೀ, ನಾನು ಕಣಮ್ಮಿ. ಎದ್ದು ಈ ಕಡೀಕ್ ತಿರೀಕೊ. ಓಡ್ಬ್ಯಾಡ. ಕೈ ಇಡ್ಕೊ. ಸಾರಿಗೆ ಏನ್ ಮಾಡನ ಇವತ್ತು, ಹುರ್ಳಿ ಕಟ್ಟಾ, ಸೊಪ್ಪಾ? ಏನಾರ ಒಂದ್ ಹೇಳು. ಜೋರಾಗ್ ಹೇಳು.”

ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. “ಸೊಪ್ಪು ಅಜ್ಜಿ” ಅಂದಳು. “ಸೊಪ್ಪು, ಸೊಪ್ಪು” ಅನ್ನುತ್ತಲೇ ನಡೆದಳು. ಗಾಳಿ ಇರಲಿಲ್ಲ. ನಮ್ಮ ಮಗ್ಗುಲಲ್ಲಿ ಜೋಳದ ಒಂದು ಸಾಲು ಮಾತ್ರ ಅಲ್ಲಾಡಿತು. ನಾವು ನಿಂತರೆ ಅದೂ ನಿಂತಿತು. ಹುರುಳಿ ಹೊಲಕ್ಕೆ ಬಂದ ಮೇಲೆ ಅಲ್ಲಾಡಲಿಲ್ಲ.

ಬೆಳಿಗ್ಗೆ ಅರಣ್ಯದ ವಾಚರು ಬಂದ. ಸೊಸೆಯನ್ನೂ ಕರೆದುಕೊಂಡು ಜೋಳದೊಳಗೆ ಹೋದೆವು. ಅವನು ಹೆಜ್ಜೆ ತೋರಿಸಿ ಇದು ಬೇರೆ ಹುಲಿ, ಹೆಣ್ಣು ಅಂದ. ಸೊಸೆ ಹೆಜ್ಜೆ ನೋಡಲಿಲ್ಲ. ಮಲಗಿದ ಜೋಳದ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು. ಅಲ್ಲಿಂದ ಕಲ್ಲನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

“ಬೆನ್ನು ಕಾಣುತ್ತೆ” ಅಂದಳು.

ಆ ವಾರವೇ ಹಸಿರು ಕಟ್ಟನ್ನು ಚಾಮರಾಜನಗರಕ್ಕೆ ವಾಪಸು ಒಯ್ದೆವು. ನಡೆದದ್ದನ್ನು ಕೇಳಿ ಟೀಚರಮ್ಮ ಹಸಿರು ಕಟ್ಟನ್ನು ಪಕ್ಕಕ್ಕಿಟ್ಟು, “ಬೇರೆ ಕಟ್ಟು ಇನ್ನೂ ಎರಡು ಬಂದವೆ. ಚೀಟಿ ಹಾಕನೇನಮ್ಮ?” ಅಂದರು.

“ಬೇಡ ಟೀಚರ್” ಅಂದಳು ಸೊಸೆ.

ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದು ಓದಿದಳು. ನಡುವೆ ನಡುವೆ ಅಲ್ಲ, ಮೊದಲಿನಿಂದ. ದೇವರ ವಾಕ್ಯ ಸರಿಯಾಗಿದೆಯೋ ಅಂತ ಆವತ್ತು ನೋಡಿದ್ದಳು. ಈ ಸಲ ನೋಡಿದ್ದು ಪುಸ್ತಕ ಮಗುವಿಗೆ ಏನು ಮಾಡು ಅನ್ನುತ್ತದೆ, ಎಲ್ಲಿ ಮಾಡು ಅನ್ನುತ್ತದೆ, ಜೊತೆಗೆ ಯಾರಿರಬೇಕು ಅನ್ನುತ್ತದೆ ಅಂತ. ಒಂದು ಪುಸ್ತಕ ಹೊಳೆಗೆ ಕಳಿಸುತ್ತಿತ್ತು, ಅದನ್ನು ಆಚೆಗಿಟ್ಟಳು. ಓದುತ್ತಾ ಕೂತವಳು ಊಟಕ್ಕೂ ಏಳಲಿಲ್ಲ. ಕಡೆಗೆ ನೀಲಿಯದನ್ನೇ ಆರಿಸಿದಳು. ಹಸಿರು ಕಟ್ಟನ್ನು ಸಂತೆಮರಹಳ್ಳಿ ಕಡೆಯವರೊಬ್ಬರು ಕೇಳಿದ್ದರಂತೆ. ಅಲ್ಲಿ ಬರೀ ಭತ್ತದ ಗದ್ದೆ. ಅಲ್ಲಾದರೆ ಕೂರಬಹುದು. ಪುಸ್ತಕ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ.

ಜೋಳ ಮುರಿದರು. ಹೊಲ ಬೋಳಾಯಿತು, ಕಲ್ಲು ಮತ್ತೆ ಕಿಟಕಿಗೆ ಕಂಡಿತು. ಅದರ ಹತ್ತಿರ ಅರಣ್ಯದವರು ಬೋನು ಇಟ್ಟು, ಒಳಗೆ ಆಡು ಕಟ್ಟಿ, ಹುಣಸೆ ಮರಕ್ಕೆ ಕ್ಯಾಮೆರಾ ಬಿಗಿದರು. ಆಡು ದಿನವೂ ಅರಚಿತು. ಬೋನಿಗೆ ಏನೂ ಬೀಳಲಿಲ್ಲ. ಬಂದು ಬಿಚ್ಚಿಕೊಂಡು ಹೋದರು.

ಹೋಗುವಾಗ ವಾಚರು ಅಂಗಳಕ್ಕೆ ಬಂದು ನೀರು ಕೇಳಿದ. ಕುಡಿದು, ತನ್ನ ಫೋನು ತೆಗೆದು, “ಅವ್ವಾ, ಇದ ನೋಡಿ. ಮಗೀಗ್ ತೋರುಸ್ಬ್ಯಾಡಿ” ಅಂದ. ಕ್ಯಾಮೆರಾದಲ್ಲಿ ಬಿದ್ದ ಚಿತ್ರ. ಹೊತ್ತು ಇಳಿಯುವ ಬೆಳಕು. ಆಡಿನ ಬೋನು ಒಂದು ಮೂಲೆಯಲ್ಲಿದೆ, ಅದರ ಕಡೆ ಹುಲಿ ತಿರುಗಿಯೂ ನೋಡಿಲ್ಲ. ಕಲ್ಲಿನ ಮೇಲೆ ಕೂತಿದೆ. ಮುಖ ನಮ್ಮ ಮನೆಯ ಕಡೆಗಿದೆ.

“ಒಂದ್ ದಿನನಾ?” ಕೇಳಿದೆ.

“ಇಲ್ಲ ಕಣವ್ವ. ದಿನಾ ಇದೇ ಹೊತ್ಗೆ.”

ಸೊಸೆ ನನ್ನ ಹಿಂದೆ ಬಂದು ನಿಂತಿದ್ದಳು. ಅವಳೂ ನೋಡಿದಳು. ಒಳಗೆ ಹೋಗಿ ಅಡುಗೆಮನೆಯ ಕಿಟಕಿ ಹಾಕಿ ಚಿಲಕ ಸರಿಸಿದಳು. ಹುಡುಗಿ ನೀಲಿ ಪುಸ್ತಕದ ಗೆರೆ ತುಂಬುತ್ತಿದ್ದವಳು ಪೆನ್ಸಿಲು ನಿಲ್ಲಿಸಿ ತಲೆ ಎತ್ತಿದಳು. ಈಗ ಅವಳು ಕೂರುವುದು ಬೆನ್ನನ್ನು ಗೋಡೆಗೆ ಒತ್ತಿಕೊಂಡು.

“ಜೋರಾಗಿ ಓದು ಮೋಳೆ” ಅಂದಳು ಸೊಸೆ.

ಹುಡುಗಿ ಜೋರಾಗಿ ಓದತೊಡಗಿದಳು.