ಜೀಪಿನ ಎಡಗಡೆಯ ಸದ್ದು

ಸದ್ದು ಮೊದಲು ಕೇಳಿಸಿದ್ದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಕೆಳಗಿನ ತಿರುವಿನಲ್ಲಿ. ಮಳೆಗಾಲ ಮುಗಿದು ತೋಟದ ರಸ್ತೆಯ ಕೆಸರು ಒಣಗಿ ಗಟ್ಟಿಯಾಗುತ್ತಿದ್ದ ದಿನಗಳು. ಎರಡನೇ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಾ ಎಡಕ್ಕೆ ತಿರುಗಿಸಿದೆ. ಮುಂದಿನ ಎಡ ಚಕ್ರದ ಕಡೆಯಿಂದ ಟಕ್ ಅಂತ ಬಂತು, ಒಣಗಿದ ಕಡ್ಡಿ ಮುರಿದ ಹಾಗೆ. ಚಕ್ರಕ್ಕೆ ಏನೋ ಸಿಕ್ಕಿರಬೇಕೆಂದು ಇಳಿದು ನೋಡಿದೆ. ಏನೂ ಇರಲಿಲ್ಲ. ಆಳುಗಳ ಲೈನುಮನೆಗಳ ಹತ್ತಿರ ಕಲ್ಲು ಹಾಯುವಾಗ ಮತ್ತೆ ಟಕ್ ಅಂದಿತು. ಅದರ ಬೆನ್ನಿಗೇ ಯಾರೋ ಹಲ್ಲು ಕಡಿದ ಹಾಗೆ ಒಂದು ಕಿರುಗುಟ್ಟಿದ ಸದ್ದು.

ನಾನು ಕುಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ ಹಾಕುವುದು, ಕೆಲಸ ಹಂಚುವುದು, ಕಾಫಿ ಅಳೆಸುವುದು ನನ್ನ ಕೆಲಸ. ಅದೇ ತೋಟದ ಪಂಪು, ಪಲ್ಪರ್, ಮಿಷನ್ನುಗಳನ್ನು ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ. ಇಬ್ಬರಿಗೂ ಒಂದೇ ಕ್ವಾರ್ಟರ್ಸು, ಒಂದೇ ಅಡುಗೆ. ಮದುವೆಯಾಗುವ ವಯಸ್ಸಿನಲ್ಲಿ ಇಬ್ಬರಿಗೂ ಅದು ಕೂಡಿಬರಲಿಲ್ಲ. ಆಮೇಲೆ ನೆಂಟರು ಕೇಳುವುದನ್ನೇ ಬಿಟ್ಟರು. ಜೀಪೂ ಇಬ್ಬರದು. ಪ್ರಾಯದಲ್ಲಿ ಸೇರಿ ಮಿಲಿಟರಿ ಹರಾಜಿನಲ್ಲಿ ಕೊಂಡದ್ದು, ಕ್ಯಾನ್‌ವಾಸ್ ಹೊದಿಕೆಯ ಹಳೆಯ ಫೋರ್ ವೀಲ್ ಗಾಡಿ. ಓಡಿಸುವವನು ನಾನು, ಪಕ್ಕದಲ್ಲಿ ಕೂರುವವನು ಅವನು. ಅವನು ಭಾರೀ ಆಳು. ಹತ್ತುವಾಗ ಜೀಪು ಒಮ್ಮೆ ಎಡಕ್ಕೆ ವಾಲಿ ನಿಲ್ಲುತ್ತಿತ್ತು. ಕೂತವನು ಮಾತಾಡದೆ ಗಾಡಿಯ ಸದ್ದನ್ನೇ ಕೇಳುತ್ತಿದ್ದ. “ಅಣ್ಣ, ಬಲಗಡೆ ಬೇರಿಂಗ್ ಗ್ರೀಸ್ ಕೇಳ್ತಾ ಉಂಟು” ಅನ್ನುವನು. ಬಿಚ್ಚಿ ನೋಡಿದರೆ ಹೌದಾಗಿರುತ್ತಿತ್ತು. ಹಾಗಾಗಿ ಇಷ್ಟು ವರ್ಷ ಓಡಿಸಿದರೂ ನಾನು ಜೀಪಿಗೆ ಕಿವಿ ಕೊಡುವುದನ್ನು ಕಲಿಯಲೇ ಇಲ್ಲ.

ಸದ್ದು ಶುರುವಾಗುವ ಮುಂಚಿನ ಬೇಸಿಗೆಯಲ್ಲಿ ತಮ್ಮನಿಗೆ ಮದುವೆಯಾಯಿತು. ಐವತ್ತರ ಹತ್ತಿರದ ಮದುಮಗ. ಹುಡುಗಿ ಅನ್ನಲಿಕ್ಕೆ ಆಗದು. ಭಾಗಮಂಡಲದ ಕಡೆ ಶಾಲೆಯಲ್ಲಿ ಟೀಚರು, ನಮ್ಮ ಹಾಗೆಯೇ ಅರೆಭಾಷೆ ಆಡುವವರು, ತಮ್ಮನಿಗಿಂತ ಸ್ವಲ್ಪವೇ ಚಿಕ್ಕವರು. ಅವರಿಗೆ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ, ಇವನಿಗೆ ಇಲ್ಲಿಯ ಕೆಲಸ ಬಿಡುವುದು ಕಷ್ಟವಾಗಿರಲಿಲ್ಲ. “ಜೀಪು ನೀನೇ ಇಟ್ಟುಕೋ ಅಣ್ಣ” ಅಂದು ಒಂದು ಟ್ರಂಕು, ಒಂದು ಟೂಲ್ ಬಾಕ್ಸು ತೆಗೆದುಕೊಂಡು ಹೋದ. ಸಂಬಂಧ ತಂದವರಿಗೆ ಮೊದಲು ಹೂಂ ಅಂದವನು ನಾನೇ. ಈಗಲೂ ಹೂಂ ಎಂದೇ ಅನ್ನುತ್ತೇನೆ. ಆದರೆ ಆ ಮಳೆಗಾಲ ಬಹಳ ಉದ್ದವಾಗಿತ್ತು.

ಸದ್ದು ನಿಲ್ಲದಿದ್ದಾಗ ಪೇಟೆಯ ವರ್ಕ್‌ಶಾಪಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಮಲಯಾಳಿ, ವಯಸ್ಸಾದವರು, ಊರಿನವರಿಗೆಲ್ಲ ಕಾಕ. ಅವರು ಪಕ್ಕದಲ್ಲಿ ಕೂತರು. ತೋಲ್ಪೆಟ್ಟಿ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬಂದೆವು. ಕಲ್ಲು ಹಾಯಿಸಿದೆ, ಎಡಕ್ಕೆ ತಿರುಗಿಸಿದೆ, ಬ್ರೇಕ್ ಹಾಕಿದೆ. ಸದ್ದೇ ಇಲ್ಲ.

“ಇಂಜಿನ್ ಸೌಂಡ್ ಬಿಟ್ರೆ ಎಂತದೂ ಇಲ್ಲ ರೈಟರೇ” ಅಂದರು ಕಾಕ.

ಆದರೂ ಜ್ಯಾಕ್ ಕೊಟ್ಟು ಎಡ ಚಕ್ರ ಎತ್ತಿ ಅಲ್ಲಾಡಿಸಿದರು. ಸ್ಟೇರಿಂಗಿನ ಜಾಯಿಂಟುಗಳನ್ನು ಹಿಡಿದು ನೋಡಿದರು. ಸ್ಪ್ರಿಂಗ್ ಪಟ್ಟಿಯ ಬುಷ್ ಸವೆದಿದೆ ಎಂದು ಹೊಸದು ಹಾಕಿದರು. ನಾನು ಸಮಾಧಾನದಿಂದ ಹೊರಟೆ. ಪೇಟೆ ದಾಟಿ ತೋಟದ ರಸ್ತೆಗೆ ತಿರುಗಿದ್ದೇ ತಡ, ಟಕ್.

ಮತ್ತೆ ಹೋದೆ. ಮತ್ತೆ ಕಾಕ ಪಕ್ಕದಲ್ಲಿ ಕೂತರು, ಮತ್ತೆ ಜೀಪು ಬಾಯಿ ಮುಚ್ಚಿಕೊಂಡಿತು. ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಕೇಳಿಸಿದರೆ ಇಂಜಿನ್ನಿನ ಗಡಗಡ ಬಿಟ್ಟು ಇನ್ನೇನೂ ಇರಲಿಲ್ಲ. ಕಾಕ ಎಣ್ಣೆ ಕೈಯನ್ನು ಹತ್ತಿ ವೇಸ್ಟಿಗೆ ಒರೆಸುತ್ತಾ ನನ್ನ ಮುಖ ನೋಡಿದರು.

“ತಮ್ಮ ಹೋದ ಮೇಲೆ ನೀವು ಒಬ್ಬರೇ ಅಲ್ವಾ?”

“ಹೌದು.”

“ಒಬ್ಬರೇ ಇದ್ರೆ ಕಿವಿಗೆ ಏನೇನೋ ಕೇಳ್ತದೆ ರೈಟರೇ. ನನ್ನ ಹೆಂಡತಿ ತೀರಿಹೋದ ಮೇಲೆ ನನಗೂ ಹಾಗೆ. ಬಾಗಿಲು ತಟ್ಟಿದ ಹಾಗೆ ಆಗ್ತಿತ್ತು. ಹೋಗಿ ತೆಗೆದ್ರೆ ಯಾರೂ ಇಲ್ಲ.”

ಅವರು ಹೇಳಿದ್ದು ಪ್ರೀತಿಯಿಂದಲೇ. ನನಗೆ ಮಾತ್ರ ಸಿಟ್ಟು ಬಂತು. ಜೀಪು ಹತ್ತಿ ಬಂದುಬಿಟ್ಟೆ.

ಸಂಜೆ ತಮ್ಮನಿಗೆ ಫೋನು ಮಾಡುವುದು ರೂಢಿ. ಮೊದಮೊದಲು “ಊಟ ಆಯ್ತಾ, ಮಳೆ ಹೇಗುಂಟು” ಅನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಜೊತೆಯಲ್ಲಿದ್ದಾಗ ನಾವು ಹೆಚ್ಚು ಮಾತಾಡಿದವರಲ್ಲ. ಫೋನಿನಲ್ಲಿ ಮಾತಾಡುವುದು ಇಬ್ಬರಿಗೂ ಬಾರದು. ಸದ್ದು ಶುರುವಾದ ಮೇಲೆ ಮಾತಿಗೆ ಬರವಿರಲಿಲ್ಲ. ಯಾವ ಗೇರಿನಲ್ಲಿ ಬರುತ್ತದೆ, ಬ್ರೇಕ್ ಒತ್ತಿದರೆ ಏನಾಗುತ್ತದೆ, ಇಳಿಜಾರಿನಲ್ಲಿ ಹೇಗೆ, ಫೋರ್ ವೀಲ್ ಹಾಕಿದರೆ ಹೇಗೆ ಎಂದು ಅವನು ಕೇಳುತ್ತಲೇ ಹೋಗುತ್ತಿದ್ದ. ನಾನು ಮರುದಿನ ಅದನ್ನೆಲ್ಲ ಮಾಡಿ ನೋಡಿ ಸಂಜೆ ಹೇಳುತ್ತಿದ್ದೆ.

ಕೊನೆಗೆ ಅವನೇ ಅಂದ, “ನಾನು ಬರ್ತೇನೆ. ಒಮ್ಮೆ ಕೇಳಿದ್ರೆ ಗೊತ್ತಾಗ್ತದೆ.”

ಒಂದು ಶನಿವಾರ ಬಸ್ಸಿನಲ್ಲಿ ಬಂದ. ನಾನು ಕೋಳಿ ಸಾರು ಮಾಡಿದ್ದೆ. ಉಂಡು ಜೀಪು ಹತ್ತಿದೆವು. ಪಲ್ಪರ್ ಮನೆಯ ತಿರುವು, ಲೈನಿನ ಕಲ್ಲು, ಕೆರೆಯ ಏರಿ, ಸದ್ದು ಬರುವ ಜಾಗಕ್ಕೆಲ್ಲ ಕರೆದುಕೊಂಡು ಹೋದೆ. ಅವನು ಕಣ್ಣು ಮುಚ್ಚಿ, ಕೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂತಿದ್ದ. ಏನೂ ಇಲ್ಲ. ಅವನು ಓಡಿಸಿ ನಾನು ಪಕ್ಕದಲ್ಲಿ ಕೂತೆ. ಆಗಲೂ ಇಲ್ಲ. ನಾನು “ಇಲ್ಲಿ ನೋಡು, ಇಲ್ಲಿ ಖಂಡಿತ ಬರ್ತದೆ” ಅನ್ನುತ್ತಿದ್ದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳುತ್ತಿತ್ತು.

ಅವನು ಮಾರನೆಯ ದಿನವೇ ಹೊರಟ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ಮುಂಚೆ ನನ್ನ ಕಡೆ ನೋಡದೆ ಹೇಳಿದ:

“ಅಣ್ಣ, ನನ್ನನ್ನು ನೋಡಬೇಕು ಅನ್ನಿಸಿದ್ರೆ ಬಾ ಅಂತ ಹೇಳು, ಸಾಕು. ಬರ್ತೇನೆ. ಜೀಪಿನ ಹೆಸರು ಹೇಳುವುದು ಬೇಡ.”

“ನಾನು ಸುಳ್ಳು ಹೇಳಿದ್ದೇನಾ?”

“ಹಾಗಲ್ಲ…”

ಬಸ್ಸು ಹೊರಟಿತು. ನಾನು ಜೀಪು ತಿರುಗಿಸಿಕೊಂಡು ಬಂದೆ. ತೋಟದ ಗೇಟು ದಾಟುವಾಗ ಟಕ್ ಅಂದಿತು. ಇಂಜಿನ್ ಆಫ್ ಮಾಡಿ ರಸ್ತೆಯ ಮಧ್ಯೆಯೇ ಕೂತೆ. ಸಿಲ್ವರ್ ಓಕ್ ಮರಗಳ ತುದಿಯಲ್ಲಿ ಗಾಳಿ ಬೀಸುತ್ತಿತ್ತು. ಭಾನುವಾರ, ತೋಟದಲ್ಲಿ ಒಂದು ಆಳೂ ಇಲ್ಲ. ಫೋನು ಕೈಗೆ ತೆಗೆದುಕೊಂಡೆ, ಮತ್ತೆ ಜೇಬಿಗೇ ಹಾಕಿದೆ. ಏನೆಂದು ಹೇಳುವುದು? ನೀನು ಹೋದ ಕೂಡಲೇ ಬಂತು ಎಂದರೆ ಅವನು ಅಂದುಕೊಂಡದ್ದೇ ಗಟ್ಟಿಯಾಗುತ್ತದೆ.

ಆಮೇಲೆ ಸದ್ದಿನ ಸುದ್ದಿ ಬಿಟ್ಟೆ. ಅವನೂ ಕೇಳಲಿಲ್ಲ. ಫೋನು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಕೆಲವು ಸಲ ನನಗೇ ಅನುಮಾನ ಬರುತ್ತಿತ್ತು. ಜೀಪು ನಿಲ್ಲಿಸಿದ ಮೇಲೂ, ಮನೆಯೊಳಗೆ ಅನ್ನ ಬೇಯುವುದನ್ನು ಕಾಯುತ್ತಾ ನಿಂತಾಗಲೂ, ಆ ಟಕ್ ಕೇಳಿದ ಹಾಗಾಗುತ್ತಿತ್ತು. ಕಾಕ ಹೇಳಿದ ಬಾಗಿಲು ನೆನಪಾಗುತ್ತಿತ್ತು.

ಕಾಫಿ ಕೊಯ್ಲಿನ ಪಿಕ್ಕಿಂಗ್ ಶುರುವಾಯಿತು. ಕಾಫಿ ಒಣಗಿಸುವ ಕಣದ ರಿಪೇರಿಗೆಂದು ಗೋಣಿಕೊಪ್ಪದಿಂದ ಸಿಮೆಂಟು ತರಬೇಕಿತ್ತು. ಜೀಪಿನ ಹಿಂದೆ ಪೈಪು, ಪಿಕ್ಕಿಂಗ್ ಚೀಲ, ಪಡಿತರದ ಮೂಟೆಗಳೆಲ್ಲ ತುಂಬಿ ಸಿಮೆಂಟಿಗೆ ಜಾಗ ಸಾಲಲಿಲ್ಲ. ಅಂಗಡಿಯವನು ಕೊನೆಯ ಚೀಲವನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ. ತೋಟಕ್ಕೆ ಬಂದು ಎಲ್ಲ ಇಳಿಸಿ ಕ್ವಾರ್ಟರ್ಸಿಗೆ ಹೊರಟಾಗ ಟಕ್ ಅಂದಿತು. ಆಗ ಹೊಳೆಯಿತು: ಬರುವಾಗ ದಾರಿಯುದ್ದಕ್ಕೂ ಒಂದು ಸಲವೂ ಅದು ಕೇಳಿರಲಿಲ್ಲ.

ಹಿಂದಿನ ಭಾರಕ್ಕೋ, ಪಕ್ಕದ ಚೀಲಕ್ಕೋ ಗೊತ್ತಾಗಲಿಲ್ಲ. ಪರೀಕ್ಷೆ ಮಾಡೋಣವೆಂದು ವಾಪಸು ಹೋಗಿ ಒಂದೇ ಸಿಮೆಂಟು ಚೀಲವನ್ನು ತಬ್ಬಿ ಎತ್ತಿ ಮುಂದಿನ ಸೀಟಿಗೆ ಹಾಕಿದೆ. ತಿರುವಿನಲ್ಲಿ ಜೀಪು ಇಳಿಸಿದೆ, ಕಲ್ಲು ಹಾಯಿಸಿದೆ. ಸದ್ದಿಲ್ಲ. ಚೀಲ ತೆಗೆದು ರಸ್ತೆಯ ಬದಿಗಿಟ್ಟು ಅದೇ ತಿರುವಿಗೆ ಬಂದೆ. ಟಕ್. ಮತ್ತೆ ಚೀಲ ಹಾಕಿದೆ, ನಿಂತಿತು. ಅಂಗಿಯೆಲ್ಲ ಸಿಮೆಂಟು. ಕಣ ಗುಡಿಸುತ್ತಿದ್ದ ಹೆಂಗಸರು ರೈಟರಿಗೆ ಏನಾಯಿತೆಂದು ನಿಂತು ನೋಡಿದರು.

ಪಕ್ಕದಲ್ಲಿ ಯಾರೂ ಇಲ್ಲದಾಗ ಮಾತ್ರ ಸದ್ದು ಬರುತ್ತದೆ. ಕಾಕ ಕೂತರೆ ಇಲ್ಲ, ತಮ್ಮ ಕೂತರೆ ಇಲ್ಲ. ನನಗೆ ಹುಚ್ಚು ಹಿಡಿದಿಲ್ಲ ಎಂದು ನಗು ಬಂತು. ನಗು ನಿಂತ ಮೇಲೆ ಆ ಚೀಲವನ್ನು ನೋಡುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆಯೇ ಕಾಕನ ಹತ್ತಿರ ಹೋಗಿ, “ನೀವೊಬ್ಬರೇ ಓಡಿಸಿ, ನಾನು ಬರುವುದಿಲ್ಲ” ಅಂದೆ. ವರ್ಕ್‌ಶಾಪಿನ ಹಿಂದಿನ ಮಣ್ಣು ರಸ್ತೆಯಲ್ಲಿ ಹೋದರು. ನಾನು ತಿರುವಿನಲ್ಲಿ ನಿಂತಿದ್ದೆ. ಜೀಪು ನನ್ನ ಮುಂದೆ ಎಡಕ್ಕೆ ತಿರುಗುವಾಗ ಹೊರಗಿನಿಂದಲೇ ಕೇಳಿತು, ಟಕ್, ಆಮೇಲೆ ಆ ಕಿರುಗುಟ್ಟುವ ಸದ್ದು. ಕಾಕ ಅಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಉಂಟು ರೈಟರೇ. ಉಂಟು!”

ಗಾಡಿಯ ಕೆಳಗೆ ನುಗ್ಗಿದರು. ನಾನು ಬಂಪರಿನ ಎಡ ತುದಿಯನ್ನು ಒತ್ತಿ ಬಿಡುತ್ತಾ ಇದ್ದೆ. ಕೆಳಗಿನಿಂದ ಅವರು ಒಂದೊಂದೇ ಭಾಗಕ್ಕೆ ಬೆರಳಿಟ್ಟು ನೋಡುತ್ತಿದ್ದರು. “ಇಲ್ಲಲ್ಲ… ಇಲ್ಲೂ ಅಲ್ಲ… ಇನ್ನೊಮ್ಮೆ ಒತ್ತಿ.” ಸ್ಪ್ರಿಂಗ್ ಪಟ್ಟಿಯ ಮುಂದಿನ ತುದಿಯನ್ನು ಗಾಡಿಯ ಚಾಸಿಗೆ ಹಿಡಿದಿಟ್ಟ ಕಬ್ಬಿಣದ ಹಿಡಿಯ ಮೇಲೆ ವರ್ಷಗಳ ಮಣ್ಣು ಗ್ರೀಸಿನ ಜೊತೆ ಸೇರಿ ಕಲ್ಲಾಗಿತ್ತು. ಅದನ್ನು ಕೆರೆದು ಡೀಸೆಲಿನಲ್ಲಿ ಒರೆಸಿದಾಗ ಕೂದಲೆಳೆಯಂಥ ಬಿರುಕು ಕಾಣಿಸಿತು. ನಾನೂ ಮಲಗಿ ನೋಡಿದೆ. ಎಡಗಡೆ ಭಾರ ಇದ್ದಾಗ ಬಿರುಕಿನ ಎರಡು ತುಟಿಗಳೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದವು. ಭಾರ ಇಳಿದರೆ ಬಾಯಿ ಬಿಡುತ್ತಿದ್ದವು.

“ಹಳೇ ಬಿರುಕು. ಒಳಗೆಲ್ಲ ತುಕ್ಕು” ಅಂದರು ಕಾಕ. “ಘಾಟಿಯಲ್ಲಿ ತುಂಡಾಗಿದ್ರೆ ಸ್ಟೇರಿಂಗ್ ಕೈಗೆ ನಿಲ್ತಿರಲಿಲ್ಲ.” ಕೈ ಒರೆಸಿಕೊಳ್ಳುತ್ತಾ, “ನಾನು ಅವತ್ತು ಹಾಗೆ ಹೇಳಬಾರದಿತ್ತು” ಅಂದರು.

ಬಿರುಕನ್ನು ವೆಲ್ಡ್ ಮಾಡಿ, ಮೇಲೊಂದು ದಪ್ಪ ಪ್ಲೇಟು ಕೂರಿಸಿ ಕೊಟ್ಟರು. ಆಮೇಲೆ ಸದ್ದು ಬರಲಿಲ್ಲ.

ಸಂಜೆ ತಮ್ಮನಿಗೆ ಎಲ್ಲ ಹೇಳಿದೆ.

“ನಾನು ಕೂತರೆ ನಿಲ್ತಿತ್ತು ಅಂತಲಾ?” ಕೊನೆಗೆ ಕೇಳಿದ.

“ಹೌದು. ಬಿರುಕು ಮೊದಲೇ ಇತ್ತು. ಮೊದಲು ನಿನ್ನ ಭಾರಕ್ಕೆ, ಆಮೇಲೆ ಮಳೆಗಾಲದ ಮೆತ್ತನೆ ಕೆಸರಿಗೆ ಇಷ್ಟು ದಿನ ಗೊತ್ತಾಗಲಿಲ್ಲ.”

“ಬಸ್ ಸ್ಟ್ಯಾಂಡಿನಲ್ಲಿ ನಾನು ಏನೇನೋ ಹೇಳಿದೆ ಅಣ್ಣ.”

“ನೀನು ಹೇಳಿದ್ದೂ ಸುಳ್ಳಲ್ಲ” ಅಂದೆ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಆ ಕಡೆಯಿಂದ ಬಂದದ್ದು ಅವನ ಹೆಂಡತಿಯ ದನಿ, ಫೋನು ಕಸಿದುಕೊಂಡಿರಬೇಕು: “ಭಾವ, ಗಾಡಿ ಸರಿಯಾಯ್ತಲ್ಲ, ಬರುವ ಭಾನುವಾರ ಇಲ್ಲಿಗೆ ಬನ್ನಿ.”

ಹೋದೆ. ವಿರಾಜಪೇಟೆ, ನಾಪೋಕ್ಲು ದಾಟಿ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಮದುವೆಯಾದ ಮೇಲೆ ನಾನು ಆ ಮನೆಗೆ ಹೋದದ್ದು ಅದೇ ಮೊದಲು. ತಮ್ಮ ಅಡುಗೆಮನೆಯಿಂದ ಹೊರಗೆ ಬಂದ, ಕೈಯಲ್ಲಿ ತೆಂಗಿನ ತುರಿ. ನನ್ನ ಜೊತೆಗಿದ್ದಷ್ಟು ಕಾಲ ಅವನು ತೆಂಗಿನಕಾಯಿ ಒಡೆದವನೂ ಅಲ್ಲ. ನಗುನಗುತ್ತಾ ಇದ್ದ, ಮೈ ಸ್ವಲ್ಪ ಇಳಿದಿತ್ತು. ನಾನು ಬೇಡ ಬೇಡವೆಂದರೂ ತಮ್ಮನ ಹೆಂಡತಿ ರೊಟ್ಟಿ ಬಡಿಸಿದರು. ಶಾಲೆಯ ಮಕ್ಕಳ ಕಥೆ ಹೇಳಿದರು. ಯಾವ ಮಗು ಏನು ಅಂದಿತು, ಆಮೇಲೆ ಏನಾಯಿತು ಎಂದು ತಮ್ಮ ನಡುನಡುವೆ ತಾನೂ ಸೇರಿಸುತ್ತಿದ್ದ. ಆ ಮಕ್ಕಳೆಲ್ಲ ಅವನಿಗೆ ಗೊತ್ತಿದ್ದರು. ನನಗೆ ಒಬ್ಬರೂ ಗೊತ್ತಿರಲಿಲ್ಲ. ನಾನು ಕೇಳುತ್ತಾ ಉಂಡೆ. ಉಳಿಯಿರಿ ಅಂದರು, ಬೆಳಿಗ್ಗೆ ಹಾಜರಿ ಹಾಕಬೇಕೆಂದು ಹೊರಟೆ.

ಈಗಲೂ ಸಂಜೆ ಫೋನು ಮಾಡುತ್ತೇನೆ. ಮಾತು ಬೇಗ ಮುಗಿಯುತ್ತದೆ. ಆದರೆ ಈಗ ಕೂಡಲೇ ಇಡುವುದಿಲ್ಲ, ಅವನೂ ಇಡುವುದಿಲ್ಲ. ಅಲ್ಲಿ ಯಾರೋ ಪಾತ್ರೆ ತೊಳೆಯುವುದು ಕೇಳುತ್ತದೆ.

“ಅಡುಗೆ ಆಯ್ತಾ ಅಣ್ಣ?”

“ಇನ್ನು ಮಾಡಬೇಕು.”

“ಮಾಡು ಹಾಗಾದ್ರೆ” ಅನ್ನುತ್ತಾನೆ.

ನಾನು ಎದ್ದು ಅಕ್ಕಿ ತೊಳೆಯುತ್ತೇನೆ.