ಬಸರಾಳಿನಿಂದ ಬಂದ ಸೈಕಲ್

"ಬಸ್ರಾಳಿಂದ ಬಂದ್ಯಾ ಮಗಾ?" ಎಂದು ಕೇಳಿದ ಗುರುತಿಲ್ಲದ ಅಜ್ಜಿಗೆ ಏದುಸಿರು ಬಿಡುತ್ತಲೇ "ಹೂಂ" ಎಂದೆ. ಅಷ್ಟೇ, ತಲೆಯ ಮೇಲಿದ್ದ ಮೇವಿನ ಹೊರೆಯನ್ನು ನಾಲೆ ಏರಿಯ ಮೇಲೆ ಬಿಸಾಕಿ, ಅಲ್ಲೇ ಕುಸಿದು ಎದೆ ಬಡಿದುಕೊಂಡು ಅಳತೊಡಗಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಜರ್ಮನಿಯ ಕಾಡುಗುಡ್ಡಗಳ ಜಲ್ಲಿದಾರಿಯಲ್ಲಿ ಸೈಕಲ್ ತುಳಿಯುವವರ ವಿಡಿಯೊ ನೋಡಿ ಹುಚ್ಚು ಹಿಡಿದು, ದಪ್ಪ ಟಯರಿನ ಸೈಕಲ್ ಕೊಂಡು, ಬಸರಾಳಿನಿಂದ ಹೊರಟು, ಟಾರು ರಸ್ತೆ ಬಿಟ್ಟು ಕೊತ್ತತ್ತಿ ಕಡೆಯ ಏರಿಗೆ ಇಳಿದಿದ್ದೆ. ಸೈಕಲ್ ಏನಾದರೂ ಅವರಿಗೆ ತಾಗಿತೇ? ನೀರಿನ ಬಾಟಲಿ ಚಾಚಿದರೆ ಮುಖ ತಿರುಗಿಸಿದರು.

ಗದ್ದೆಯಿಂದ ಓಡಿಬಂದ ಅವರ ಸೊಸೆ ನನ್ನನ್ನೇ ಗದರಿದರು: "ಇವ್ರಕ್ಕ ಬಸ್ರಾಳಲ್ಲಿ ಉಸಾರಿಲ್ದೆ ಮಲ್ಗವ್ರೆ. ಟಾರ್ ರೋಡ್ ಬುಟ್ಟು ಈ ಬಿಸ್ಲಲ್ಲಿ ಸೈಕಲ್ ತುಳ್ಕೊಂಡು ಬರೋನು ಸಾವಿನ ಸುದ್ದಿ ಏಳಕ್ಕಲ್ದೆ ಇನ್ಯಾಕಪ್ಪ ಬಂದಾನು?"

ಸಾವಿನ ಸುದ್ದಿ ಮುಟ್ಟಿಸಲು ಊರೂರಿಗೆ ಸೈಕಲ್ಲಿನಲ್ಲಿ ಆಳು ಕಳಿಸುತ್ತಿದ್ದ ಕಾಲದವರು ಅಜ್ಜಿ. "ನಾನು ಸುಮ್ನೆ ಬಂದೆ ಅಜ್ಜಿ" ಎಂದೆ.

"ಸುಮ್ಕೆ ಯಾರಾರಾ ಬತ್ತಾರಾ? ನಿಜ ಏಳು ಮಗಾ."

ಸೊಸೆ ಮಾಡಿಕೊಟ್ಟ ಫೋನಿನಲ್ಲಿ ಬಸರಾಳಿನ ಅಕ್ಕನ ದನಿ ಕೇಳಿಸುವವರೆಗೂ ಅವರು ನನ್ನ ಹ್ಯಾಂಡಲ್ ಬಿಡಲಿಲ್ಲ.

ಈಗ ಊರು ಹತ್ತಿರವಾದರೆ ಇಳಿದು, ನಗುಮುಖ ಮಾಡಿಕೊಂಡು ಸೈಕಲ್ ತಳ್ಳುತ್ತೇನೆ. ನೋಡಿದವರು "ಪಂಚರ್ರಾ?" ಎನ್ನುತ್ತಾರೆ. "ಹೂಂ" ಎನ್ನಲೂ ಭಯ.